ಕವಳಿ ಚೆರ್ರಿಯಾದ ಬಗೆ



ಬೇಕರಿಯ ಕೇಕಿನ ನೆತ್ತಿಯ ಮೇಲೆ ಕೂತ ಕೆಂಪು ಚೆರ್ರಿಯನ್ನು ತಿನ್ನದವರು ಯಾರಿದ್ದಾರೆ? ಮಕ್ಕಳ ಕೈ ಮೊದಲು ಹೋಗುವುದೇ ಅದಕ್ಕೆ. ಆದರೆ ನಮ್ಮಲ್ಲಿ ಹಾಗೆ ಸಿಗುವುದು ಎಷ್ಟೋ ವೇಳೆ ಚೆರ್ರಿಯೇ ಅಲ್ಲ, ಕವಳಿ ಕಾಯಿ. ಬೀಜ ತೆಗೆದು, ಸಕ್ಕರೆ ಪಾಕದಲ್ಲಿ ನೆನೆಸಿ, ಕೆಂಪು ಬಣ್ಣ ಹಾಕಿದ್ದು. ಉತ್ತರ ಕನ್ನಡದವರ ಕವಳಿಯೇ ಮಂಗಳೂರು ಕಡೆಯವರ ಕರಂಡೆ. ಗುಡ್ಡದಲ್ಲಿ ಬೆಳೆಯುವ ಮುಳ್ಳು ಪೊದೆ. ಕಾಯಿ ಕಿತ್ತರೆ ಬಿಳಿ ಹಾಲು ಒಸರಿ ಬೆರಳಿಗೆ ಅಂಟುತ್ತದೆ. ಎಳೆಯದು ಉಪ್ಪಿನಕಾಯಿಗೆ. ಬೇಸಿಗೆಯ ಕೊನೆಗೆ ಹಣ್ಣಾಗಿ ಕಪ್ಪಾದರೆ ಅದರ ಹುಳಿಸಿಹಿಗೆ ಸಾಟಿಯಿಲ್ಲ.

ಇಂಥ ಹಣ್ಣು ಚೆರ್ರಿಯ ವೇಷ ಹಾಕಬೇಕಾದದ್ದು ಏಕೆ? ಚೆರ್ರಿ ಚಳಿ ನಾಡಿನದು. ಭಾರತದಲ್ಲಿ ಕಾಶ್ಮೀರ, ಹಿಮಾಚಲದ ಕಡೆ ಬೆಳೆಯುತ್ತದೆ. ಕನ್ನಡ ನಾಡಿನ ಮಕ್ಕಳು ಅದನ್ನು ಮರದಲ್ಲಿ ಕಂಡದ್ದಿಲ್ಲ, ಚಿತ್ರದಲ್ಲಿ ಕಂಡಿದ್ದಾರೆ. ಅಮೆರಿಕದ ಜೂಜಿನ ಯಂತ್ರಗಳ ಮೇಲೆ 20ನೇ ಶತಮಾನದ ಆರಂಭದಲ್ಲೇ ಚೆರ್ರಿ ಬಂದು ಕೂತಿತ್ತು. ಜೂಜಿನ ಕಾನೂನಿನಿಂದ ನುಣುಚಿಕೊಳ್ಳಲು ಆ ಯಂತ್ರಗಳು ಹಣದ ಬದಲು ಹಣ್ಣಿನ ರುಚಿಯ ಚ್ಯೂಯಿಂಗ್ ಗಮ್ ಕೊಡುತ್ತಿದ್ದವು. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿಯ ತೋರು ಇವಾಟಾನಿ ವಿಡಿಯೋ ಗೇಮೊಂದನ್ನು ರೂಪಿಸಿದರು. ಅದರಲ್ಲೂ ಮೊದಲು ಕಾಣಿಸುವ ಹಣ್ಣು ಚೆರ್ರಿಯೇ. ನುಂಗಿದರೆ 100 ಅಂಕ. ಸ್ಟ್ರಾಬೆರಿಗೆ 300, ಸೇಬಿಗೆ 700.

ಆ ಆಟವೇ ಪ್ಯಾಕ್-ಮನ್. ಬಾಯಿ ತೆರೆದು ಮುಚ್ಚುವುದಕ್ಕೆ ಜಪಾನೀಯರು 'ಪಾಕು ಪಾಕು' ಎನ್ನುತ್ತಾರೆ, ನಾವು ಗಬಗಬ ಎಂದಂತೆ. ಹೆಸರು ಹುಟ್ಟಿದ್ದು ಅದರಿಂದ. ಜಪಾನಿನಲ್ಲಿ ಮೊದಲು 'ಪಕ್-ಮನ್' ಎಂದಿತ್ತು. ಪೋಲಿ ಹುಡುಗರು ಇಂಗ್ಲಿಷಿನ ಮೊದಲ ಅಕ್ಷರವನ್ನು ಕೆರೆದು ಬೈಗುಳ ಮಾಡಿಯಾರು ಎಂಬ ಭಯದಿಂದ ಅಮೆರಿಕದಲ್ಲಿ ಹೆಸರು ಬದಲಾಯಿತು. ಸ್ವಾರಸ್ಯವಿರುವುದು ಆಟಕ್ಕಿಂತ ಈ ಹೆಸರಿನಲ್ಲೇ ಎನ್ನಬೇಕು.

ಜಪಾನೀಯರ ಇನ್ನೊಂದು ಆಟ 'ಸುಯಿಕಾ'. ಸುಯಿಕಾ ಎಂದರೆ ಕಲ್ಲಂಗಡಿ. 2021ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆ ಬಂದು, 2023ರಲ್ಲಿ ಜನಪ್ರಿಯವಾಯಿತು. ಒಂದೇ ಜಾತಿಯ ಎರಡು ಹಣ್ಣು ತಾಗಿದರೆ ಕೂಡಿಕೊಂಡು ಇನ್ನೂ ದೊಡ್ಡ ಹಣ್ಣಾಗುತ್ತವೆ. ಚೆರ್ರಿಯಿಂದ ಶುರು, ಕೊನೆಗೆ ಕಲ್ಲಂಗಡಿ. (ಹಲಸಿನ ನಾಡಿನವರು ಈ ಆಟ ಕಟ್ಟಿದ್ದರೆ ಕಲ್ಲಂಗಡಿಗೆ ಎರಡನೇ ಸ್ಥಾನವೇ ಸೈ.) ನಡುವೆ ತಮ್ಮೂರಿನ ಡೆಕೊಪಾನ್ ಎಂಬ ಕಿತ್ತಳೆಯ ಬಳಗದ ಹಣ್ಣನ್ನೂ ಅವರು ಸೇರಿಸಿದ್ದಾರೆ. ಬೇರೆ ದೇಶದ ಎಷ್ಟೋ ಆಟಗಾರರು ಆ ಹೆಸರನ್ನು ಕಲಿತದ್ದೇ ಹಾಗೆ.

ಹಾಗಾದರೆ ಹೊರಗಿನ ಹೆಸರೆಲ್ಲ ಬೇಡವೇ? ಹಾಗೆ ಹಟ ಹಿಡಿದರೆ ಹಣ್ಣಿನ ಬುಟ್ಟಿ ಅರ್ಧ ಖಾಲಿಯಾದೀತು. ಅನಾನಸ್ ದಕ್ಷಿಣ ಅಮೆರಿಕದ ಮೂಲನಿವಾಸಿಗಳ ಮಾತು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಸಪೋಟದ ಹೆಸರು ಮೆಕ್ಸಿಕೊದ್ದು. ಮೋಸಂಬಿಯಲ್ಲಿ ಮೊಜಾಂಬಿಕ್ ಅಡಗಿದೆ. ಪರಂಗಿ ಹಣ್ಣಂತೂ ತಾನು ಪರದೇಶಿ ಎಂದು ಹೆಸರಿನಲ್ಲೇ ಸಾರಿಕೊಳ್ಳುತ್ತದೆ. ಇತ್ತಣಿಂದ ಅತ್ತಲೂ ಹೋಗಿದೆ: ಮಲಯಾಳದ 'ಮಾಂಗ'ವನ್ನು ಪೋರ್ಚುಗೀಸರು ಒಯ್ದರು, ಇಂಗ್ಲಿಷರು ಅದನ್ನು ಮ್ಯಾಂಗೊ ಮಾಡಿದರು. ವಸ್ತು ಬಂದಾಗ ಹೆಸರೂ ಬಂತು. ಅದರಲ್ಲಿ ಯಾರಿಗೂ ನಷ್ಟವಿಲ್ಲ. ಅನಾನಸಿಗೆ ಸಂಸ್ಕೃತದಲ್ಲೊಂದು ಹೆಸರು ಹುಡುಕುವುದು ಕೆಲಸವಿಲ್ಲದವರ ಕೆಲಸ.

ಕವಳಿಯ ಸಂಗತಿ ಹಾಗಲ್ಲ. ಇಲ್ಲಿ ಹೊಸ ಹಣ್ಣು ಬರಲಿಲ್ಲ. ಹಣ್ಣೂ ಇತ್ತು, ಹೆಸರೂ ಇತ್ತು. ಹೆಸರು ಮಾತ್ರ ಅಳಿಸಿಹೋಯಿತು. ಹೆಸರು ಗೊತ್ತಿಲ್ಲದ ಹಣ್ಣನ್ನು ಪೇಟೆಯಲ್ಲಿ ಯಾರೂ ಕೇಳಿ ಕೊಳ್ಳುವುದಿಲ್ಲ. ಕೇಳುವವರಿಲ್ಲದ ಪೊದೆಯನ್ನು ಉಳಿಸಿಕೊಳ್ಳಲು ಗುಡ್ಡದ ಒಡೆಯನಿಗೂ ಕಾರಣವಿರುವುದಿಲ್ಲ. ನೇರಳೆ ಹೇಗೋ ತಳ್ಳುಗಾಡಿಯ ಮೇಲೆ ಉಳಿದುಕೊಂಡಿದೆ. ಬಿಕ್ಕೆ, ಮುಳ್ಳಣ್ಣುಗಳನ್ನು ಗುರುತಿಸಬಲ್ಲವರು ಈ ಸಭೆಯಲ್ಲೇ ಎಷ್ಟು ಮಂದಿ? ಕೈ ಎತ್ತುವವರು ಬಹುಶಃ ಹಿಂದಿನ ಸಾಲಿನ ಹಿರಿಯರು. ಅವರ ಮೊಮ್ಮಕ್ಕಳು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಮೇ ತಿಂಗಳ ರಜೆಯಲ್ಲಿ ಆ ಮಕ್ಕಳನ್ನು ಗುಡ್ಡ ಹತ್ತಿಸಿ, ಮುಳ್ಳು ಚುಚ್ಚಿಸಿಕೊಂಡು ಕವಳಿ ಕೀಳುವುದನ್ನು ಕಲಿಸಬಹುದು. ಮೊಬೈಲನ್ನು ಜೇಬಿನಲ್ಲಿಟ್ಟುಕೊಂಡೇ ಬರಲಿ, ಅಡ್ಡಿಯಿಲ್ಲ.