ನೆರೆಯವರ ಓಟ

(ಸುವರ್ಣ ಮಹೋತ್ಸವದ ಎರಡನೆಯ ದಿನ ಬೆಳಗಿನ ಗೋಷ್ಠಿಯಲ್ಲಿ, ಶಾಲೆಯ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕರು ಮಾಡಿದ ಭಾಷಣದ ಬರಹ ರೂಪ)



ಸಮಿತಿಯವರು ನನಗೆ ಇಪ್ಪತ್ತು ನಿಮಿಷ ಕೊಟ್ಟಿದ್ದಾರೆ. ಪಿ.ಟಿ. ಮೇಷ್ಟ್ರ ಕೈಗೆ ಮೈಕು ಸಿಕ್ಕರೆ ವಿಷಲ್ಲಿನಷ್ಟೇ ಜೋರಾಗಿ ಬಳಸುತ್ತಾರೆ ಎಂಬ ಭಯ ಅವರಿಗಿದೆ. ಹೆದರಬೇಡಿ, ಸಮಯ ನೋಡಿಕೊಂಡೇ ಮುಗಿಸುತ್ತೇನೆ. ನಮ್ಮ ಶಾಲೆಯ ಕ್ರೀಡಾ ಸಾಧನೆಗಳ ಬಗ್ಗೆ ನಿನ್ನೆ ವರದಿ ಓದಿದ್ದಾರೆ. ಅದನ್ನೇ ಮತ್ತೆ ಹೇಳುವುದು ಬೇಡವೆಂದು, ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಭೂಮಿಯ ಆ ಬದಿಯಲ್ಲಿ ನಡೆದ ಒಂದು ಕ್ರೀಡಾಕೂಟದ ಕಥೆ ಹೇಳುತ್ತೇನೆ. ಅದರಿಂದ ನಮಗೇನು ಎಂಬುದನ್ನು ಕೊನೆಯಲ್ಲಿ ಕೇಳಿಕೊಳ್ಳೋಣ.

ಮಕ್ಕಳೇ, ನಕ್ಷೆಯಲ್ಲಿ ದಕ್ಷಿಣ ಅಮೆರಿಕ ಎಲ್ಲಿದೆಯೆಂದು ನಿಮಗೆ ಸಮಾಜ ವಿಜ್ಞಾನದ ಮೇಡಂ ತೋರಿಸಿರುತ್ತಾರೆ. ಅದರ ಕೆಳಭಾಗದಲ್ಲಿ, ಅಟ್ಲಾಂಟಿಕ್ ಸಮುದ್ರದ ಕಡೆಗೆ ಉರುಗ್ವೆ ಎಂಬ ಸಣ್ಣ ದೇಶ. ಇಂದಿಗೂ ಅದರ ಜನಸಂಖ್ಯೆ ಸುಮಾರು 35 ಲಕ್ಷ ಮಾತ್ರ. ನಮ್ಮ ಬೆಂಗಳೂರಿನ ಅರ್ಧದಷ್ಟೂ ಇಲ್ಲ. ಆ ಕಡೆ, ಪೆಸಿಫಿಕ್ ಸಮುದ್ರದ ಅಂಚಿನಲ್ಲಿ ಉದ್ದಕ್ಕೆ ಪಟ್ಟಿಯಂತೆ ಮಲಗಿರುವುದು ಚಿಲಿ. ನಡುವೆ ದೊಡ್ಡದಾದ ಅರ್ಜೆಂಟೀನಾ. ಈ ಮೂರೂ ದೇಶಗಳವರು 1918ರ ಮೇ ತಿಂಗಳಲ್ಲಿ ಬ್ಯೂನಸ್ ಐರಿಸ್ ನಗರದಲ್ಲಿ ಸೇರಿ ಅಥ್ಲೆಟಿಕ್ಸ್‌ಗೆಂದು ಒಂದು ಒಕ್ಕೂಟ ಕಟ್ಟಿಕೊಂಡರು. ಮರುವರ್ಷ, 1919ರಲ್ಲಿ, ಉರುಗ್ವೆಯ ರಾಜಧಾನಿ ಮಾಂಟೆವಿಡಿಯೊದಲ್ಲಿ ದಕ್ಷಿಣ ಅಮೆರಿಕದ ಮೊದಲ ಅಧಿಕೃತ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ನಡೆಯಿತು.

ಎಷ್ಟು ದೇಶಗಳು ಬಂದವು ಅಂತೀರಿ? ಎರಡೇ. ಮನೆಯವರಾದ ಉರುಗ್ವೆ, ಅತಿಥಿಯಾಗಿ ಚಿಲಿ. ಇಡೀ ಖಂಡದ ಹೆಸರಿಟ್ಟುಕೊಂಡ ಕೂಟಕ್ಕೆ ಎರಡು ದೇಶ! ನಮ್ಮ ಕಡೆಯಾಗಿದ್ದರೆ ಏನಾಗುತ್ತಿತ್ತು? "ಇಬ್ಬರೇ ಬಂದಿದ್ದಾರೆ, ಮುಂದಿನ ವರ್ಷ ನೋಡೋಣ" ಎಂದು ಶಾಮಿಯಾನ ಬಿಚ್ಚುತ್ತಿದ್ದೆವು. ಅವರು ಬಿಚ್ಚಲಿಲ್ಲ. ಇಬ್ಬರೇ ಓಡಿದರು, ಜಿಗಿದರು, ಗುಂಡು ಎಸೆದರು, ದಾಖಲೆ ಬರೆದಿಟ್ಟರು. ಮರುವರ್ಷ ಚಿಲಿಯ ರಾಜಧಾನಿ ಸ್ಯಾಂಟಿಯಾಗೊದಲ್ಲಿ ಎರಡನೆಯ ಕೂಟ. ಆಗ ಅರ್ಜೆಂಟೀನಾ ಕೂಡ ಸೇರಿತು, ಮೂರಾಯಿತು. ಆಮೇಲೆ ಒಂದೊಂದೇ ದೇಶ ಸೇರುತ್ತಾ ಹೋಯಿತು. ಯುರೋಪಿನವರು ತಮ್ಮ ಖಂಡದ ಚಾಂಪಿಯನ್‌ಷಿಪ್ ಆರಂಭಿಸಿದ್ದು 1934ರಲ್ಲಿ, ಇಟಲಿಯ ಟ್ಯುರಿನ್‌ನಲ್ಲಿ. ನಮ್ಮ ಏಷ್ಯಾದ ಅಥ್ಲೆಟಿಕ್ಸ್ ಚಾಂಪಿಯನ್‌ಷಿಪ್ ಆರಂಭವಾದದ್ದು 1973ರಲ್ಲಿ, ಫಿಲಿಪೀನ್ಸ್‌ನಲ್ಲಿ. ಇಬ್ಬರೇ ಸೇರಿ ಮಾಡಿದ ಆ ಕೂಟ ಎಲ್ಲರಿಗಿಂತ ಹಿರಿಯದಾಗಿ ಉಳಿಯಿತು.

ಚಿಲಿಯಿಂದ ಉರುಗ್ವೆಗೆ ಹೋಗುವುದೆಂದರೆ ಆಗ ಸುಲಭದ ಮಾತಲ್ಲ. ನೇರ ಗೆರೆ ಎಳೆದರೂ 1,300 ಕಿಲೋಮೀಟರ್‌ಗೂ ಹೆಚ್ಚು ದೂರ, ನಡುವೆ ಆಂಡಿಸ್ ಪರ್ವತ. 1910ರಲ್ಲಿ ಆ ಪರ್ವತ ದಾಟುವ ರೈಲು ಬಂದಿತ್ತು. ಸಮುದ್ರ ಮಟ್ಟದಿಂದ ಸುಮಾರು 3,200 ಮೀಟರ್ ಎತ್ತರದಲ್ಲಿ ಸುರಂಗ ಕೊರೆದು ಹಾಕಿದ ಹಳಿ ಅದು. ನಮ್ಮ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್. ಅದಕ್ಕಿಂತ ಎಷ್ಟು ಮೇಲೆ ಎಂದು ನೀವೇ ಲೆಕ್ಕ ಹಾಕಿ. ಚಳಿಗಾಲದಲ್ಲಿ ಹಿಮ ಬಿದ್ದು ದಾರಿ ಮುಚ್ಚಿಹೋಗುತ್ತಿತ್ತು. ಅಲ್ಲಿಂದ ಇಳಿದು ಅರ್ಜೆಂಟೀನಾದ ಬಯಲನ್ನು ಅಡ್ಡಲಾಗಿ ದಾಟಿದರೆ ಬ್ಯೂನಸ್ ಐರಿಸ್. ಅಲ್ಲಿಂದ ಮಾಂಟೆವಿಡಿಯೊಗೆ ಕಡಲಿನಂತೆ ಅಗಲವಾದ ನದೀಮುಖದ ಮೇಲೆ ಹಡಗು. ಆ ಕಾಲದ ರೂಢಿಯ ದಾರಿ ಇದು. ಹೋಬಳಿ ಕ್ರೀಡಾಕೂಟಕ್ಕೆ ಹನ್ನೆರಡು ಕಿಲೋಮೀಟರ್ ಹೋಗಲು ಬಸ್ಸಿಲ್ಲ ಸಾರ್ ಎಂದು ಮುಖ ಸಪ್ಪಗೆ ಮಾಡುತ್ತಿದ್ದವರು ಇಲ್ಲಿ ಮೂರನೇ ಸಾಲಿನಲ್ಲಿ ಕುಳಿತಿದ್ದಾರೆ, ಹೆಸರು ಹೇಳುವುದಿಲ್ಲ.

ಈಗ ಆ ಕೂಟದ ಒಬ್ಬ ಓಟಗಾರನ ವಿಷಯಕ್ಕೆ ಬರುತ್ತೇನೆ. ಇವನಿಗಾಗಿಯೇ ನಾನು ಈ ಕಥೆಯನ್ನು ಆರಿಸಿಕೊಂಡದ್ದು.

ಅವನ ಹೆಸರು ಇಸಾಬೆಲಿನೊ ಗ್ರಾದಿನ್. 1897ರಲ್ಲಿ ಮಾಂಟೆವಿಡಿಯೊದಲ್ಲಿ ಹುಟ್ಟಿದವನು. ಅವನ ಪೂರ್ವಿಕರನ್ನು ಆಫ್ರಿಕಾದಿಂದ ಗುಲಾಮರಾಗಿ ಹಡಗಿನಲ್ಲಿ ತಂದಿದ್ದರು. ಹುಡುಗ ಮೊದಲು ಹೆಸರು ಮಾಡಿದ್ದು ಫುಟ್ಬಾಲಿನಲ್ಲಿ. 1916ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ದಕ್ಷಿಣ ಅಮೆರಿಕದ ಮೊದಲ ಫುಟ್ಬಾಲ್ ಚಾಂಪಿಯನ್‌ಷಿಪ್ ನಡೆಯಿತು. ಮೊದಲ ಪಂದ್ಯವೇ ಉರುಗ್ವೆಗೂ ಚಿಲಿಗೂ. ಉರುಗ್ವೆ ನಾಲ್ಕು ಗೋಲು ಹೊಡೆಯಿತು, ಚಿಲಿ ಒಂದೂ ಇಲ್ಲ. ನಾಲ್ಕರಲ್ಲಿ ಎರಡು ಗ್ರಾದಿನ್‌ನವು. ಆಗ ಅವನಿಗೆ ಹತ್ತೊಂಬತ್ತು ಕೂಡ ತುಂಬಿರಲಿಲ್ಲ.

ಸೋತವರು ಏನು ಮಾಡಿದರು ಗೊತ್ತೆ? ತಕರಾರು ಅರ್ಜಿ ಕೊಟ್ಟರು. ಉರುಗ್ವೆ ತನ್ನ ತಂಡದಲ್ಲಿ ಇಬ್ಬರು ಆಫ್ರಿಕದವರನ್ನು ಆಡಿಸಿದೆ, ಆದ್ದರಿಂದ ಪಂದ್ಯವನ್ನು ರದ್ದು ಮಾಡಬೇಕು ಎಂಬುದು ತಕರಾರು. ಒಬ್ಬ ಗ್ರಾದಿನ್, ಇನ್ನೊಬ್ಬ ಹುವಾನ್ ಡೆಲ್ಗಾಡೊ. ಇಬ್ಬರೂ ಉರುಗ್ವೆಯವರೇ, ಮೈಬಣ್ಣವೊಂದೇ ತಕರಾರಿಗೆ ಕಾರಣ. ಅರ್ಜಿ ನಿಲ್ಲಲಿಲ್ಲ. ಪಂದ್ಯದ ಫಲಿತಾಂಶ ಹಾಗೆಯೇ ಉಳಿಯಿತು. ಉರುಗ್ವೆ ಚಾಂಪಿಯನ್ ಆಯಿತು, ಮೂರು ಗೋಲು ಹೊಡೆದ ಗ್ರಾದಿನ್ ಆ ಪಂದ್ಯಾವಳಿಯಲ್ಲಿ ಅತಿ ಹೆಚ್ಚು ಗೋಲು ಹೊಡೆದವನಾದ.

ಮೂರು ವರ್ಷ ಕಳೆಯಿತು. 1919ರ ಅಥ್ಲೆಟಿಕ್ಸ್ ಕೂಟಕ್ಕೆ ಬಂದ ಒಂದೇ ಅತಿಥಿ ಅದೇ ಚಿಲಿ. ಉರುಗ್ವೆಯ ಪರವಾಗಿ ಓಡಿದವನು ಅದೇ ಗ್ರಾದಿನ್. 200 ಮೀಟರ್ ಗೆದ್ದ, 400 ಮೀಟರ್ ಗೆದ್ದ. 1920ರಲ್ಲಿ ಚಿಲಿಯವರ ಸ್ವಂತ ನೆಲದಲ್ಲಿ, ಸ್ಯಾಂಟಿಯಾಗೊದಲ್ಲಿ, ಅವೆರಡನ್ನೂ ಮತ್ತೆ ಗೆದ್ದ.

ನಾನು ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ಫುಟ್ಬಾಲಿನಲ್ಲಿ ಗೋಲು ಆಫ್ಸೈಡು, ರೆಫರಿ ಮೋಸ ಎಂದೆಲ್ಲ ಹೇಳಬಹುದು. ಟ್ರ್ಯಾಕಿನಲ್ಲಿ ಹಾಗೆ ಹೇಳುವುದು ಕಷ್ಟ. ಆಚೆ ಸುಣ್ಣದ ಗೆರೆ, ಈಚೆ ಸುಣ್ಣದ ಗೆರೆ, ಕೈಯಲ್ಲಿ ಗಡಿಯಾರ. ಯಾರ ಮಗ, ಯಾವ ಕೇರಿ, ಯಾವ ಬಣ್ಣ ಎಂದು ಗಡಿಯಾರ ಕೇಳುವುದಿಲ್ಲ. ಆದರೆ ಆ ಗೆರೆಯನ್ನು ಸರಿಯಾಗಿ ಹಾಕಬೇಕು, ಎರಡೂ ಕಡೆಯವರು ಅದನ್ನು ಒಪ್ಪಬೇಕು. 400 ಮೀಟರ್ ಓಟದಲ್ಲಿ ಹುಡುಗರನ್ನು ಒಬ್ಬರಿಗಿಂತ ಒಬ್ಬರನ್ನು ಮುಂದೆ ಮುಂದೆ ನಿಲ್ಲಿಸುವುದನ್ನು ನೋಡಿ, "ಮೇಷ್ಟ್ರೇ, ಅವನನ್ನ ಏಳು ಮೀಟರ್ ಮುಂದೆ ನಿಲ್ಸಿದೀರಲ್ಲ, ಇದ್ಯಾವ ನ್ಯಾಯ?" ಎಂದು ಜಗಳಕ್ಕೆ ಬಂದ ತಂದೆಯರು ಈ ಸಭೆಯಲ್ಲಿಯೇ ಇದ್ದಾರೆ. ಅವರಿಗೆ ಅಂದು ಹೇಳಿದ್ದನ್ನೇ ಇಂದೂ ಹೇಳುತ್ತೇನೆ. ಹೊರಗಿನ ಸಾಲಿನವನ ತಿರುವು ಒಳಗಿನ ಸಾಲಿನವನ ತಿರುವಿಗಿಂತ ಉದ್ದ. ಒಂದು ಸಾಲಿನ ಅಗಲ 1.22 ಮೀಟರ್. ಒಂದು ಸುತ್ತಿಗೆ ಎರಡನೆಯ ಸಾಲಿನವನು 7.04 ಮೀಟರ್ ಮುಂದೆ, ಅಲ್ಲಿಂದ ಮುಂದಿನ ಪ್ರತಿ ಸಾಲಿಗೂ 7.67 ಮೀಟರ್ ಹೆಚ್ಚು. ಹಾಗೆ ನಿಲ್ಲಿಸಿದರೆ ಮಾತ್ರ ಎಲ್ಲರೂ ಸಮನಾಗಿ 400 ಮೀಟರ್ ಓಡುತ್ತಾರೆ. ಎಲ್ಲರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸಿದರೆ ನೋಡಲು ಸಮ, ಓಡಲು ಅಸಮ. ದೂರದ ತಾಂಡಾದಿಂದ ನಡೆದು ಬರುವ ಮಗುವನ್ನು ಹಾಜರಿ ಕೂಗುವಾಗ ನೆನೆಯಬೇಕಾದ ಲೆಕ್ಕವೂ ಇದೇ.

ಗ್ರಾದಿನ್‌ನ ಕೊನೆಗಾಲ ಸುಖದ್ದಾಗಿರಲಿಲ್ಲ. 1944ರಲ್ಲಿ, ಐವತ್ತು ತುಂಬುವ ಮೊದಲೇ, ಬಡತನದಲ್ಲಿ ತೀರಿಕೊಂಡ. ಗೆದ್ದಾಗ ಹೆಗಲ ಮೇಲೆ ಹೊತ್ತು ಕುಣಿದವರು ಆಮೇಲೆ ಮರೆಯುವುದು ಎಲ್ಲ ದೇಶದಲ್ಲೂ ಇರುವುದೇ.

ಅವನ ಎದುರಾಳಿಗಳ ದೇಶದಲ್ಲೂ ದೊಡ್ಡ ಓಟಗಾರರು ಬಂದರು. ಸ್ಯಾಂಟಿಯಾಗೊದ ಬೀದಿಗಳಲ್ಲಿ ಪತ್ರಿಕೆ ಮಾರುತ್ತಿದ್ದ ಮಾನ್ಯುಯೆಲ್ ಪ್ಲಾಸಾ ಎಂಬ ಹುಡುಗ ಈ ನೆರೆಹೊರೆಯ ಕೂಟಗಳಲ್ಲೇ ಓಡಿ ಬೆಳೆದ. 1924ರ ಪ್ಯಾರಿಸ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಆರನೆಯವನಾಗಿ ಬಂದ. 1928ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಮೊದಲನೆಯವನಿಗಿಂತ 26 ಸೆಕೆಂಡ್ ಹಿಂದೆ ಬಂದು ಬೆಳ್ಳಿ ಗೆದ್ದ. ಚಿಲಿ ದೇಶಕ್ಕೆ ಬಂದ ಮೊದಲ ಒಲಿಂಪಿಕ್ ಪದಕ ಅದು.

ಇನ್ನೊಂದು ಸಂಗತಿ ನಮ್ಮ ಕರ್ನಾಟಕದವರು ತಿಳಿಯಬೇಕಾದ್ದು. 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ನ ಮ್ಯಾರಥಾನ್‌ನಲ್ಲಿ ಚಿಲಿಯ ಹುವಾನ್ ಹೊರ್ಕೆರಾ ಎಂಬ ಓಟಗಾರನಿದ್ದ. ಅದೇ ಓಟದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರೂ ಇದ್ದರು. ಆ ವರ್ಷದ ಮ್ಯಾರಥಾನ್ ದೂರ 42.75 ಕಿಲೋಮೀಟರ್, ಎಂದಿಗಿಂತ ಉದ್ದ. ಚೌಗುಲೆಯವರು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾಗಿ ಬಂದರು. ಭಾರತದ ತಂಡವೆಂದು ಒಲಿಂಪಿಕ್ಸ್‌ಗೆ ಹೋದ ಮೊದಲ ಗುಂಪಿನಲ್ಲಿ ಕನ್ನಡನಾಡಿನ ಒಬ್ಬರಿದ್ದರು ಎಂಬುದನ್ನು ನಮ್ಮ ಮಕ್ಕಳಲ್ಲಿ ಎಷ್ಟು ಜನ ಬಲ್ಲರು?

ಆ ಹಳೆಯ ಕೂಟದಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಹೆಣ್ಣುಮಕ್ಕಳಿಗೆ ಅಲ್ಲಿ ಜಾಗವೇ ಇರಲಿಲ್ಲ. 1939ರಲ್ಲಿ ಪೆರು ದೇಶದ ಲಿಮಾದಲ್ಲಿ ಅವರಿಗೆ ಮೊದಲ ಬಾರಿ ಸ್ಪರ್ಧೆ ಇಟ್ಟರು, ಅಂದರೆ ಇಪ್ಪತ್ತು ವರ್ಷ ತಡವಾಗಿ. ಈ ವಿಷಯದಲ್ಲಿ ನಾವು ಮೇಲು. 1951ರ ಮಾರ್ಚ್‌ನಲ್ಲಿ ದೆಹಲಿಯಲ್ಲಿ ಮೊದಲ ಏಷ್ಯನ್ ಕ್ರೀಡಾಕೂಟ ನಡೆದಾಗ 11 ದೇಶಗಳು ಬಂದವು, ಹೆಣ್ಣುಮಕ್ಕಳೂ ಮೊದಲ ಕೂಟದಲ್ಲೇ ಓಡಿದರು. ಆದರೆ ಪಕ್ಕದ ಮನೆಯ ಪಾಕಿಸ್ತಾನ ಆ ಕೂಟಕ್ಕೆ ಬರಲಿಲ್ಲ. ದೂರದ ಜಪಾನ್ ಬಂತು, ನೆರೆಯವರು ಬರಲಿಲ್ಲ. ದಕ್ಷಿಣ ಏಷ್ಯಾದ ಏಳು ನೆರೆ ದೇಶಗಳು ತಮ್ಮದೇ ಕೂಟವೆಂದು ಒಂದೆಡೆ ಸೇರಿದ್ದು 1984ರಲ್ಲಿ, ಕಠ್ಮಂಡುವಿನಲ್ಲಿ. ನೆರೆಯವರೊಡನೆ ಓಡುವುದು ದೂರದವರೊಡನೆ ಓಡುವುದಕ್ಕಿಂತ ಕಷ್ಟ. ದೂರದವನ ಹತ್ತಿರ ಹಳೆಯ ಜಗಳ ಇರುವುದಿಲ್ಲ.

ಈಗ ನಮ್ಮ ಊರಿಗೆ ಬರುತ್ತೇನೆ. ಎರಡು ಮಾತು ಇದೆ.

ಮೊದಲನೆಯದು ಮೈದಾನದ ಮಾತು. ಉರುಗ್ವೆಯಂಥ ಸಣ್ಣ ದೇಶ ಓಟಗಾರರನ್ನು ಎಲ್ಲಿಂದ ತಂದಿತು? 1911ರಲ್ಲಿಯೇ ಅಲ್ಲಿನ ಸರ್ಕಾರ ಕಾನೂನು ಮಾಡಿ ದೈಹಿಕ ಶಿಕ್ಷಣಕ್ಕೆಂದು ರಾಷ್ಟ್ರೀಯ ಮಂಡಳಿ ರಚಿಸಿತು. ಆ ಮಂಡಳಿ ಬಡಾವಣೆ ಬಡಾವಣೆಯಲ್ಲಿ ಸಾರ್ವಜನಿಕ ಆಟದ ಬಯಲುಗಳನ್ನು ಮಾಡುತ್ತಾ ಬಂತು. ಹಣ ಕೊಟ್ಟು ಕ್ಲಬ್ ಸೇರಲಾಗದ ಮಕ್ಕಳಿಗೆ ಆಡಲು ನೆಲ ಸಿಕ್ಕಿತು. ಸರ್ಕಾರಿ ಶಾಲೆಯ ಮೈದಾನ ಎಂದರೆ ನಮಗೂ ಅದೇ ಅಲ್ಲವೆ?

ಸುವರ್ಣ ಮಹೋತ್ಸವದ ನೆನಪಿಗೆ ರಂಗಮಂದಿರ ಕಟ್ಟಬೇಕೆಂದು ಹಳೆಯ ವಿದ್ಯಾರ್ಥಿಗಳು ಹಣ ಕೂಡಿಸುತ್ತಿದ್ದಾರೆ. ಒಳ್ಳೆಯ ಕೆಲಸ, ನನ್ನ ಒಂದು ತಿಂಗಳ ಪಿಂಚಣಿಯೂ ಅದಕ್ಕೆ ಸೇರಲಿ. ಆದರೆ ಅದನ್ನು ಮೈದಾನದ ಮೂಡಲ ತುದಿಯಲ್ಲಿ ಕಟ್ಟುವ ಮಾತು ನಡೆದಿದೆ. ರೈತರ ಸಭೆಯಿದು, ಗುಂಟೆ ಲೆಕ್ಕದಲ್ಲೇ ಹೇಳುತ್ತೇನೆ. ನಾಲ್ಕು ಸಾಲಿನ 200 ಮೀಟರ್ ಟ್ರ್ಯಾಕ್ ಹಾಕಲು ಸುಮಾರು 88 ಮೀಟರ್ ಉದ್ದ, 48 ಮೀಟರ್ ಅಗಲದ ನೆಲ ಬೇಕು. ಹತ್ತಿರ ಹತ್ತಿರ ಒಂದು ಎಕರೆ ಎರಡು ಗುಂಟೆ. ನಮ್ಮ ಮೈದಾನದಲ್ಲಿ ಅದು ಇಂದು ಸರಿಯಾಗಿ ಕೂರುತ್ತದೆ, ಒಂದು ಮಾರು ಹೆಚ್ಚಿಲ್ಲ. ಮೂಡಲ ತುದಿಯಲ್ಲಿ ಅಡಿಪಾಯ ತೋಡಿದರೆ ತಿರುವು ಹೋಯಿತು. ತಿರುವು ಹೋದರೆ ಉಳಿಯುವುದು ನೇರ ಓಟ ಮಾತ್ರ. 200, 400, 800, ರಿಲೇ ಯಾವುದೂ ಇಲ್ಲ. ಕಟ್ಟಡವನ್ನು ಇನ್ನೊಂದು ಕಡೆ ಕಟ್ಟಬಹುದು. ಬಾವಿಯ ಹಿಂದೆ ಹಳೆಯ ಕ್ವಾರ್ಟರ್ಸ್ ಪಾಳು ಬಿದ್ದು ಹಾವು ಚೇಳುಗಳಿಗೆ ಮನೆಯಾಗಿದೆ. ಆ ಜಾಗ ಸಾಕಾಗುತ್ತದೆಯೆ ಎಂದು ದಯವಿಟ್ಟು ಟೇಪು ಹಿಡಿದು ಅಳೆದು ನೋಡಿ. ಟೇಪಿನ ಒಂದು ತುದಿ ನಾನೇ ಹಿಡಿಯುತ್ತೇನೆ.

ಎರಡನೆಯದು ನೆರೆಯ ಮಾತು. ಪಕ್ಕದ ಊರಿನ ಹೈಸ್ಕೂಲಿನೊಡನೆ ನಮಗೆ ಮೊದಲು ವರ್ಷಕ್ಕೊಮ್ಮೆ ಸ್ನೇಹದ ಪಂದ್ಯಗಳಿದ್ದವು. ಒಂದು ಕಬಡ್ಡಿ ಪಂದ್ಯದ ಜಗಳದ ನಂತರ ಅದು ನಿಂತುಹೋಯಿತು. ಅಂದು ಜಗಳವಾಡಿದ ಹುಡುಗರಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಮೊಮ್ಮಕ್ಕಳಿಗೆ ಜಗಳ ಯಾಕಾಯಿತೆಂದೂ ಗೊತ್ತಿಲ್ಲ, ಪಕ್ಕದ ಶಾಲೆಯ ಮಕ್ಕಳ ಮುಖವೂ ಗೊತ್ತಿಲ್ಲ. ಹೋಬಳಿ ಮಟ್ಟದಲ್ಲಿ ಸೋತವರಿಗೆ ವರ್ಷದ ಆಟ ಅಲ್ಲಿಗೇ ಮುಗಿಯುತ್ತದೆ. ಆ ಮಕ್ಕಳಿಗಾಗಿ ಎರಡು ಶಾಲೆಗಳ ಒಂದು ಕ್ರೀಡಾಕೂಟ ಮಾಡೋಣ. ಒಂದು ವರ್ಷ ನಮ್ಮಲ್ಲಿ, ಮರುವರ್ಷ ಅವರಲ್ಲಿ. ದೊಡ್ಡ ಶಾಮಿಯಾನ, ಕಪ್ಪು, ಶಾಲು ಏನೂ ಬೇಡ. ಎರಡು ಚೀಲ ಸುಣ್ಣದ ಪುಡಿ, ಎರಡು ಸ್ಟಾಪ್ ವಾಚ್, ಮಕ್ಕಳಿಗೆ ಮಧ್ಯಾಹ್ನದ ಚಿತ್ರಾನ್ನ, ಮಜ್ಜಿಗೆ ಸಾಕು. ಗೆರೆ ಎಳೆಯುವಾಗ ನಮ್ಮ ಮೇಷ್ಟ್ರೊಬ್ಬರು, ಅವರ ಮೇಷ್ಟ್ರೊಬ್ಬರು ಜೊತೆಯಲ್ಲಿರಲಿ. ಮೊದಲ ವರ್ಷ ಇಬ್ಬರೇ ಆದರೂ ಅಡ್ಡಿಯಿಲ್ಲ, ಮೂರನೆಯ ಶಾಲೆ ತಾನಾಗಿ ಬರುತ್ತದೆ.

ಆ ಶಾಲೆಯ ಮುಖ್ಯೋಪಾಧ್ಯಾಯರು ನಮ್ಮ ಆಹ್ವಾನ ಮನ್ನಿಸಿ ಇಂದು ಈ ಸಭೆಗೆ ಬಂದು ಎದುರಿಗೇ ಕುಳಿತಿದ್ದಾರೆ. ಸಾರ್, ಮೊದಲ ಕೂಟಕ್ಕೆ ನಮ್ಮ ಮೈದಾನಕ್ಕೆ ನಿಮ್ಮ ಮಕ್ಕಳನ್ನು ಕಳಿಸಿಕೊಡಿ ಎಂದು ಎಲ್ಲರ ಎದುರಿನಲ್ಲಿ ಕೇಳಿಕೊಳ್ಳುತ್ತಿದ್ದೇನೆ. ದಿನಾಂಕವನ್ನು ನಮ್ಮ ಹೆಡ್ ಮಾಸ್ಟರೂ ನೀವೂ ಇವತ್ತು ಊಟದ ಹೊತ್ತಿನಲ್ಲೇ ಗೊತ್ತುಮಾಡಿಕೊಂಡರೆ ಸಂತೋಷ.

ನನ್ನ ಇಪ್ಪತ್ತು ನಿಮಿಷ ಮುಗಿಯಿತು.