ಈ ಊರು ವಾಸಕ್ಕೆ ಯೋಗ್ಯವೇ?
(ಮಣಿನಗರದ ನಮ್ಮ ಉಚಿತ ವಾಚನಾಲಯದ ಸಭೆಯಲ್ಲಿ ಓದಿದ ಭಾಷಣ)



ಪಗಾರದ ವಾರ ಬಂತೆಂದರೆ ನಮ್ಮ ವಾಚನಾಲಯದ ಬೆಂಚಿನ ಮೇಲೆ ಒಂದೇ ಮಾತು: “ಸಂಸಾರವನ್ನು ಇಲ್ಲಿಗೆ ಕರೆತರಬೇಕೋ, ಊರಲ್ಲೇ ಬಿಡಬೇಕೋ?” ವಿಜಾಪುರದವರಾಗಲಿ, ಧಾರವಾಡದವರಾಗಲಿ, ನಾವೆಲ್ಲ ಖೋಲಿಯ ಬಾಡಿಗೆಯನ್ನೂ ಜೋಳದ ಧಾರಣೆಯನ್ನೂ ಕೂಡಿಸಿ ನೋಡುತ್ತೇವೆ. ಈ ಊರು ನಮಗೆ ಪುಕ್ಕಟೆಯಾಗಿ ಇಲ್ಲವೆ ಅಲ್ಪ ಬೆಲೆಗೆ ಏನು ಕೊಡುತ್ತದೆಂಬ ಲೆಕ್ಕವನ್ನು ಮಾತ್ರ ಮಾಡುವುದಿಲ್ಲ. ಈ ಹೊತ್ತು ಅದನ್ನೇ ಮಾಡೋಣ.

ಮೊದಲು ನೀರು. ಅಹಮದಾಬಾದಿನ ಮೊದಲ ಬಟ್ಟೆ ಗಿರಣಿಯನ್ನು 1861ರಲ್ಲಿ ನಡೆಸತೊಡಗಿದವರು ರಣಛೋಡಲಾಲ ಛೋಟಾಲಾಲರು. ಮುಂದೆ ನಗರಸಭೆಯ ಅಧ್ಯಕ್ಷರಾಗಿ ನಳದ ನೀರಿಗಾಗಿ, ನೆಲದೊಳಗಿನ ಗಟಾರಿಗಾಗಿ ಹಟ ಹಿಡಿದವರೂ ಅವರೇ. ತೆರಿಗೆ ಏರುವುದೆಂದು ಜನ ವಿರೋಧಿಸಿದರು, ಅವರು ಬಿಡಲಿಲ್ಲ. ಸೌಕರ್ಯ ತಾನಾಗಿ ಬರುವುದಿಲ್ಲ, ಯಾರಾದರೂ ಬೆನ್ನು ಹತ್ತಬೇಕು ಎಂಬುದಕ್ಕೆ ಇದೇ ಸಾಕ್ಷಿ.

ಎರಡನೆಯದು ದವಾಖಾನೆ. ಒಂದು ಬೇಸಿಗೆಯಲ್ಲಿ ನಮ್ಮ ಗೆಳೆಯರೊಬ್ಬರು ತಗಡಿನ ಖೋಲಿಯಲ್ಲಿ ಬಿಸಿಲ ತಾಪಕ್ಕೆ ಎಚ್ಚರ ತಪ್ಪಿದರು. ಗಾಬರಿಯಲ್ಲಿ ಅವರನ್ನು ದೂರದ ಖಾಸಗಿ ದವಾಖಾನೆಗೆ ಒಯ್ದೆವು. ಜೀವ ಉಳಿಯಿತು, ಸಾಲ ತೀರಲು ಆರು ತಿಂಗಳು ಹಿಡಿಯಿತು. ನಗರಪಾಲಿಕೆಯ ದೊಡ್ಡ ಆಸ್ಪತ್ರೆ, ಎಲ್.ಜಿ. ಆಸ್ಪತ್ರೆ, ಇದೇ ಮಣಿನಗರದಲ್ಲಿದೆ ಎಂಬುದು ಆ ಹೊತ್ತಿಗೆ ನಮ್ಮಲ್ಲಿ ಒಬ್ಬರಿಗೂ ನೆನಪಾಗಲಿಲ್ಲ. ಗೊತ್ತಿಲ್ಲದ ಸೌಕರ್ಯ ಇಲ್ಲದ ಸೌಕರ್ಯಕ್ಕೆ ಸಮ.

ಬಿಸಿಲೆಂದರೆ ಸಣ್ಣ ಮಾತಲ್ಲ. 2010ರ ಮೇ ತಿಂಗಳ ಝಳದಲ್ಲಿ ಈ ನಗರದಲ್ಲಿ ಎಂದಿಗಿಂತ 1300ಕ್ಕೂ ಹೆಚ್ಚು ಸಾವುಗಳಾದವು. ಅದರಿಂದ ಪಾಠ ಕಲಿತು 2013ರಲ್ಲಿ ನಗರಪಾಲಿಕೆ ಬಿಸಿಲಿಗೆಂದೇ ಒಂದು ಯೋಜನೆ ಮಾಡಿತು. ಅತಿ ತಾಪದ ದಿನವನ್ನು ಮುಂಚೆಯೇ ಸಾರಿ ಹೇಳುವುದು, ಕುಡಿಯುವ ನೀರಿನ ಏರ್ಪಾಡು, ವೈದ್ಯರಿಗೆ ತರಬೇತಿ, ಇವು ಅದರಲ್ಲಿವೆ. ಆ ಸಾರಿಕೆ ಗುಜರಾತಿ ಓದಲಾರದ ನಮ್ಮವನಿಗೆ ಮುಟ್ಟುವುದು ಹೇಗೆ?

ಓಡಾಟದ ಕೊರತೆಯಿಲ್ಲ. ರೈಲು ನಿಲ್ದಾಣ ಇಲ್ಲೇ ಇದೆ. ನಗರದ ಬಸ್ಸು 1947ರಿಂದ, ಜನಮಾರ್ಗದ ಬಸ್ಸು 2009ರಿಂದ ಓಡುತ್ತಿವೆ. ಮೆಟ್ರೋ 2022ರಲ್ಲಿ ಕಾಂಕರಿಯಾದ ಬಳಿಗೂ ಬಂತು.

ಇನ್ನು ಕಾಂಕರಿಯಾ. 1451ರಲ್ಲಿ ಸುಲ್ತಾನ ಕುತುಬುದ್ದೀನನು ಮುಗಿಸಿದ ಕೆರೆ; 34 ಮೂಲೆ, ನಡುವೆ ನಗೀನಾವಾಡಿ, ದಂಡೆಯಲ್ಲಿ ರೂಬೆನ್ ಡೇವಿಡರು 1951ರಲ್ಲಿ ಕಟ್ಟಿದ ಪ್ರಾಣಿಸಂಗ್ರಹಾಲಯ. 2008ರಲ್ಲಿ ಕೆರೆಯನ್ನು ಹೊಸದಾಗಿ ಸಿಂಗರಿಸಿದರು. ಸುತ್ತ ದ್ವಾರಗಳಾದವು, ಪ್ರವೇಶಕ್ಕೆ ದರವಾಯಿತು. ಚೊಕ್ಕಟವಾಯಿತೆಂಬುದು ನಿಜ. ಆದರೆ ಐದು ಮಂದಿಯ ಸಂಸಾರದವನು ದ್ವಾರದಲ್ಲಿ ನಿಂತು ಜೇಬು ಮುಟ್ಟಿ ನೋಡಿಕೊಳ್ಳುತ್ತಾನೆಂಬುದೂ ನಿಜ. ಸೌಕರ್ಯವನ್ನು ಕಟ್ಟಡದಿಂದ ಅಳೆಯಬಾರದು. ಕಡಿಮೆ ಪಗಾರದವನು ಒಳಗೆ ಹೋಗಬಲ್ಲನೇ ಎಂಬುದರಿಂದ ಅಳೆಯಬೇಕು.

ಇದೇ ಅಳತೆಗೋಲನ್ನು ನಮಗೂ ಹಿಡಿಯೋಣ. ನಮ್ಮ ವಾಚನಾಲಯಕ್ಕೆ ಶುಲ್ಕವಿಲ್ಲ. ಆದರೂ ಸಂಜೆ ಬೆಂಚಿನ ತುಂಬ ಗಂಡಸರೇ. ನಮ್ಮ ಅಕ್ಕತಂಗಿಯರು ಬಾಗಿಲಿಗೆ ಬಂದು, ಮಗುವಿನ ಕೈಯಲ್ಲಿ ಪುಸ್ತಕ ತರಿಸಿಕೊಂಡು ಹೋಗುತ್ತಾರೆ. ಮಕ್ಕಳಿಗೆ ಗುಜರಾತಿಯನ್ನು ಬೀದಿಯೇ ಕಲಿಸುತ್ತದೆ; ಕನ್ನಡವನ್ನು ನಾವೇ ಕಲಿಸಬೇಕು.

ಆದುದರಿಂದ ಎರಡು ಸೂಚನೆಗಳು. ಒಂದು: ರವಿವಾರ ಮಧ್ಯಾಹ್ನ ಎರಡು ತಾಸು ಹೆಂಗಸರು ಮಕ್ಕಳಿಗೇ ಮೀಸಲಾಗಲಿ. ಎರಡು: ಬಾಗಿಲ ಬಳಿ ಕರಿಹಲಗೆ ತೂಗುಹಾಕಿ, ಆಸ್ಪತ್ರೆಯ ದಾರಿ, ನೀರು ಬರುವ ಹೊತ್ತು, ಬಿಸಿಲಿನ ಎಚ್ಚರಿಕೆಗಳನ್ನು ಕನ್ನಡದಲ್ಲಿ ಬರೆಯೋಣ. ಬರೆಯುವ ಕೆಲಸ ನಮ್ಮದು.

ಸಂಸಾರ ಕರೆತನ್ನಿ ಎಂದು ಎಲ್ಲರಿಗೂ ಹೇಳಲಾರೆವು. ಊರಲ್ಲಿ ಹೊಲವಿದ್ದವರ, ಮುಪ್ಪಿನ ತಾಯ್ತಂದೆಗಳಿದ್ದವರ ಲೆಕ್ಕ ಬೇರೆ. ಆದರೆ ಕರೆತಂದವರು, ಹಲಗೆಯಲ್ಲಿ ಬರೆದದ್ದನ್ನು ಮೊದಲ ದಿನವೇ ಮನೆಯವರಿಗೆ ಓದಿ ಹೇಳಲಿ.