ಕೈ ನಡುಗಿದರೆ ಮಾತ್ರೆ ಬಿಡಬೇಕೇ?

(ಸಂಜೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇವತ್ತು ಸ್ಲೇಟು ಬಳಪ ಪಕ್ಕಕ್ಕೆ ಇಡಿ. ಇವತ್ತು ಪಾಠ ಇಲ್ಲ. ಬರೀ ಮಾತು. ಮಕ್ಕಳು ಮಲಗಿದ್ದರೆ ಮಲಗಲಿ. ಹಿಂದೆ ಕೂತವರು ಸ್ವಲ್ಪ ಮುಂದೆ ಬನ್ನಿ.

ಮೊದಲು ನಮ್ಮ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇವೆ.

ನಮ್ಮ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರ ಹೆಸರು ಹೇಳೋದಿಲ್ಲ. ಅವರ ಕತೆ ಹೇಳಬಹುದಾ ಅಂತ ಅವರನ್ನೇ ಕೇಳಿದೆವು. "ಹೇಳಿ ಟೀಚರಮ್ಮ, ನಾಲ್ಕು ಜನಕ್ಕೆ ಗೊತ್ತಾಗಲಿ. ಹೆಸರು ಮಾತ್ರ ಬೇಡ" ಅಂದರು. ನೀವೂ ಯಾರು ಯಾರು ಅಂತ ಹುಡುಕಬೇಡಿ.

ಆ ಅಕ್ಕ ಅಕ್ಷರ ಬೇಗ ಕಲಿತರು. ಓದುವುದರಲ್ಲಿ ಮುಂದು. ಆದರೆ ಬರೆಯೋಕೆ ಕೂತರೆ ಗೆರೆ ಎಲ್ಲಾ ಅಂಕುಡೊಂಕು. ಬಳಪ ಹಿಡಿದ ಕೈ ನಡುಗುತ್ತಿತ್ತು. ನಾವು ಏನು ಮಾಡಿದೆವು? ಎಲ್ಲರ ಎದುರಿಗೆ, "ಕೈ ಗಟ್ಟಿಯಾಗಿ ಹಿಡೀರಿ ಅಕ್ಕ, ಯಾಕೆ ಇಷ್ಟು ಭಯ?" ಅಂದೆವು. ಒಂದು ಸಲ ಅಲ್ಲ, ಎರಡು ಸಲ ಅಂದೆವು. ಕೆಲವರು ನಕ್ಕರು. ಮಾರನೇ ದಿನದಿಂದ ಆ ಅಕ್ಕ ಬರಲಿಲ್ಲ.

ಅದು ಭಯದ ನಡುಕ ಅಲ್ಲ, ಮಾತ್ರೆಯ ನಡುಕ. ನಮಗೆ ಅದು ಗೊತ್ತಿರಲಿಲ್ಲ. ಕೇಳಲೂ ಇಲ್ಲ. ಅವರು ಮನೆಗೆ ಹೋಗಿ ಮಾತ್ರೆ ಡಬ್ಬವನ್ನು ಅಕ್ಕಿ ಮೂಟೆ ಹಿಂದೆ ಇಟ್ಟುಬಿಟ್ಟರು. ಮನೆಯವರು ಕೇಳಿದರೆ "ನುಂಗಿದೆ" ಅನ್ನೋರು. ಕೆಲವು ದಿನ ಚೆನ್ನಾಗಿಯೇ ಇತ್ತು. ನಡುಕ ನಿಂತಿತು. ಮೈ ಹಗುರ ಆಯಿತು. ಆಮೇಲೆ ನಿದ್ದೆ ಬಿಟ್ಟಿತು. ರಾತ್ರಿ 2 ಗಂಟೆಗೆ ಎದ್ದು ಅಂಗಳ ಸಾರಿಸೋರು. ಎಡೆಬಿಡದೆ ಮಾತು. ಸಂಘದಲ್ಲಿ ಸಾಲ ಎತ್ತಿ ಬೀದಿ ಮಕ್ಕಳಿಗೆಲ್ಲ ಹೊಸ ಬಟ್ಟೆ ತಂದರು. ಬೇಡ ಅಂದ ಗಂಡನ ಮೇಲೆ ಕಳೆಗುದ್ದಲಿ ಎತ್ತಿಕೊಂಡು ಹೋದರು. ಊರಲ್ಲಿ ಗಾಳಿ ಮೆಟ್ಟಿಕೊಂಡಿದೆ ಅಂದರು. ಯಂತ್ರ ಕಟ್ಟಿಸಿ ಅಂದರು. ಅವರ ತಾಯಿ ಗಟ್ಟಿಗಿತ್ತಿ. "ಯಂತ್ರ ಆಮೇಲೆ, ಮೊದಲು ಆಸ್ಪತ್ರೆ" ಅಂತ ಬಸ್ಸು ಹತ್ತಿಸಿದರು. ಮೂರು ವಾರ ಆಸ್ಪತ್ರೆಯಲ್ಲಿ ಇದ್ದರು. ಆ ಸಾಲ ಇನ್ನೂ ತೀರುತ್ತಾ ಇದೆ.

ಇಷ್ಟಕ್ಕೂ ಕಾರಣ ನಮ್ಮ ಒಂದು ಮಾತೇ ಅಂತ ಹೇಳೋಕೆ ಆಗೋದಿಲ್ಲ. ಆದರೆ ನಮ್ಮ ಮಾತೂ ಅದರಲ್ಲಿ ಸೇರಿತ್ತು.

ಆ ಕಾಯಿಲೆಗೆ ಡಾಕ್ಟರು ಬೈಪೋಲಾರ್ ಅಂತಾರೆ. ಕನ್ನಡದಲ್ಲಿ ಉನ್ಮಾದ-ಖಿನ್ನತೆ ಕಾಯಿಲೆ. ಕೆಲವು ಕಾಲ ಮನಸ್ಸು ಕಟ್ಟೆ ಒಡೆದ ಕೆರೆಯ ಹಾಗೆ ನುಗ್ಗುತ್ತೆ. ಕೆಲವು ಕಾಲ ಬತ್ತಿ ಹೋಗುತ್ತೆ, ಒಲೆ ಹಚ್ಚೋಕೂ ಮನಸ್ಸಿಲ್ಲ, ಸಾಯಬೇಕು ಅನಿಸುತ್ತೆ. ನಡುವೆ ಎಲ್ಲರ ಹಾಗೇ ಇರುತ್ತಾರೆ. ಇದು ದೆವ್ವ ಅಲ್ಲ, ಕೊಬ್ಬು ಅಲ್ಲ, ಹಿಂದಿನ ಜನ್ಮದ ಪಾಪವೂ ಅಲ್ಲ. ಸಕ್ಕರೆ ಕಾಯಿಲೆ ಇದ್ದ ಹಾಗೆ ಇದೂ ಒಂದು ಕಾಯಿಲೆ. ಮನಸ್ಸಿನ ಈ ಏರು ಇಳಿತವನ್ನು ಹದಕ್ಕೆ ತರೋಕೆ ಮಾತ್ರೆ ಇದೆ. ಆ ಅಕ್ಕನಿಗೆ ಕೊಟ್ಟಿದ್ದು ಲಿಥಿಯಂ.

ಲಿಥಿಯಂ ಅಂದರೆ ಏನು? ಅದು ಕಲ್ಲುಬಂಡೆಯಲ್ಲಿ, ಉಪ್ಪುನೀರಿನಲ್ಲಿ ಸಿಗುವ ಒಂದು ಲೋಹ. ಅದರ ಉಪ್ಪಿನಿಂದ ಮಾತ್ರೆ ಮಾಡುತ್ತಾರೆ. ಆಸ್ಟ್ರೇಲಿಯಾ ದೇಶದ ಜಾನ್ ಕೇಡ್ ಎಂಬ ಡಾಕ್ಟರು ಉನ್ಮಾದ ಬಂದವರಿಗೆ ಇದನ್ನು ಕೊಟ್ಟು, ಗುಣ ಕಂಡು, 1949ರಲ್ಲಿ ಲೋಕಕ್ಕೆ ತಿಳಿಸಿದರು. ಹೋದ ಸಲ ಇದನ್ನು ಹೇಳಿದಾಗ ಒಬ್ಬ ತಂಗಿ, "ಫೋನಿನ ಬ್ಯಾಟರಿಯಲ್ಲಿ ಇರೋದೇನಾ ಟೀಚರಮ್ಮ?" ಅಂದಳು. ಹೌದಮ್ಮ, ಅದೇ ಲೋಹ. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಕಡೆ ಬಂಡೆಯಲ್ಲಿ ಇದು ಇದೆ ಅಂತ 2021ರಲ್ಲಿ ಸುದ್ದಿ ಆಗಿತ್ತು. ಹಾಗಂತ ಬ್ಯಾಟರಿ ನುಂಗಿದ ಹಾಗೆ ಅಲ್ಲ. ಸುಣ್ಣವನ್ನು ಗೋಡೆಗೂ ಬಳೀತೀವಿ, ಎಲೆಗೂ ಹಚ್ಚಿ ತಿಂತೀವಿ. ಎರಡಕ್ಕೂ ಹದ ಬೇರೆ.

ಈ ಮಾತ್ರೆ ಒಳ್ಳೆಯದು. ಆದರೆ ತೊಂದರೆಯೂ ಕೊಡುತ್ತೆ. ಅದನ್ನು ಮುಚ್ಚಿಡಬಾರದು. ಏನೂ ಆಗೋದಿಲ್ಲ ನುಂಗು ಅಂದರೆ, ಕೈ ನಡುಗಿದ ದಿನ ಅವರು ನಂಬಿಕೆ ಬಿಡುತ್ತಾರೆ. ಆ ಅಕ್ಕನಿಗೆ ಹಾಗೇ ಆಯಿತು. ಮೊದಲ ಸಲ ಮಾತ್ರೆ ಕೊಟ್ಟಾಗ ಆಸ್ಪತ್ರೆಯಲ್ಲಿ ಜನವೋ ಜನ. ಅಡ್ಡ ಪರಿಣಾಮದ ಬಗ್ಗೆ ಅವರಿಗೆ ಯಾರೂ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಕೈ ನಡುಕ ಒಂದು. ಚೊಂಬಿನ ನೀರು ತುಳುಕುತ್ತೆ. ಸೂಜಿಗೆ ದಾರ ಪೋಣಿಸೋಕೆ ಆಗೋದಿಲ್ಲ. ರಂಗೋಲಿ ಎಳೆ ಕೆಡುತ್ತೆ. ಇದನ್ನು ಡಾಕ್ಟರಿಗೆ ಹೇಳಿದರೆ ದಾರಿ ಇದೆ. ಮಾತ್ರೆಯ ಪ್ರಮಾಣ ಸ್ವಲ್ಪ ತಗ್ಗಿಸಬಹುದು. ನುಂಗುವ ಹೊತ್ತು ಬದಲಿಸಬಹುದು. ನಡುಕಕ್ಕೇ ಬೇರೆ ಮಾತ್ರೆ ಕೊಡಬಹುದು. ಕಾಫಿ ಟೀ ಜಾಸ್ತಿ ಆದರೆ ನಡುಕ ಜಾಸ್ತಿ ಆಗುತ್ತೆ. ಆದರೆ ಕಾಫಿಯನ್ನು ಒಂದೇ ದಿನಕ್ಕೆ ಬಿಟ್ಟರೂ ರಕ್ತದಲ್ಲಿ ಲಿಥಿಯಂ ಏರಬಹುದು. ಅದನ್ನೂ ಹೇಳಿ, ಕೇಳಿ, ನಿಧಾನಕ್ಕೆ ಕಡಿಮೆ ಮಾಡಿ.

ತೂಕ ಏರುವುದು ಇನ್ನೊಂದು. "ಕೂತು ತಿಂದು ಊದಿಕೊಂಡಿದ್ದಾಳೆ" ಅಂತ ನೆಂಟರು ಆಡಿಕೊಳ್ಳುತ್ತಾರೆ. ಆ ಮಾತು ಮಾತ್ರೆಗಿಂತ ಕಹಿ. ಕೆಲವರಿಗೆ ಗಂಟಲಿನ ಥೈರಾಯಿಡ್ ಗ್ರಂಥಿ ಮಂದ ಆಗಿಯೂ ತೂಕ ಬರುತ್ತೆ, ಸುಸ್ತು ಬರುತ್ತೆ. ರಕ್ತ ಪರೀಕ್ಷೆ ಮಾಡಿಸಿದರೆ ತಿಳಿಯುತ್ತೆ. ಅದಕ್ಕೂ ಮಾತ್ರೆ ಇದೆ.

ಮೂರನೆಯದು ಬಾಯಾರಿಕೆ. ಇದನ್ನು ಚೆನ್ನಾಗಿ ಕೇಳಿಸಿಕೊಳ್ಳಿ.

ಲಿಥಿಯಂ ನುಂಗುವವರಿಗೆ ಬಾಯಿ ಒಣಗುತ್ತೆ. ಜಾಸ್ತಿ ನೀರು ಕುಡೀತಾರೆ. ಜಾಸ್ತಿ ಒಂದಕ್ಕೆ ಹೋಗಬೇಕಾಗುತ್ತೆ. ರಾತ್ರಿ ಮೂರು ಸಲ, ನಾಲ್ಕು ಸಲ. ಆ ಅಕ್ಕನ ಮನೆಯ ಪಾಯಖಾನೆ ಹಿತ್ತಲ ತುದಿಯಲ್ಲಿದೆ. ಅಲ್ಲಿ ದೀಪ ಇರಲಿಲ್ಲ. ಮಳೆಗಾಲದಲ್ಲಿ ಹಾವು ಹುಳದ ಭಯ. ಹೋದಾಗಲೆಲ್ಲ ಬಾಗಿಲು ಕಿರ್ ಅಂದರೆ ಅತ್ತೆ ಗೊಣಗೋರು. ಅದಕ್ಕೆ ಅಕ್ಕ ಒಂದು ಉಪಾಯ ಮಾಡಿದರು. ಸಂಜೆ 5 ಗಂಟೆ ಆದ ಮೇಲೆ ನೀರು ಕುಡಿಯೋದನ್ನೇ ಬಿಟ್ಟರು. ನಮ್ಮಲ್ಲಿ ಎಷ್ಟು ಜನ ಹೀಗೆ ಮಾಡೋದಿಲ್ಲ ಹೇಳಿ? ಬಸ್ಸಿನಲ್ಲಿ ಹೋಗುವಾಗ, ಮದುವೆ ಮನೆಗೆ ಹೋಗುವಾಗ, ಹೆಂಗಸರು ಮೊದಲು ಬಿಡೋದೇ ನೀರು.

ಬೇರೆಯವರಿಗೂ ಅದು ಒಳ್ಳೇದಲ್ಲ. ಲಿಥಿಯಂ ನುಂಗುವವರಿಗೆ ಅಪಾಯ. ಯಾಕೆ? ಲಿಥಿಯಂ ಮೈಯಿಂದ ಹೊರಗೆ ಹೋಗುವುದು ಮೂತ್ರದ ದಾರಿಯಲ್ಲಿ. ಮೈಯಲ್ಲಿ ನೀರು, ಉಪ್ಪು ಕಡಿಮೆ ಆದರೆ ಮೂತ್ರಪಿಂಡ ಉಪ್ಪನ್ನು ಹೊರಗೆ ಬಿಡದೆ ಹಿಡಿದುಕೊಳ್ಳುತ್ತೆ. ಲಿಥಿಯಂ ಕೂಡ ಉಪ್ಪಿನ ಜಾತಿ. ಅದನ್ನೂ ಹಿಡಿದುಕೊಳ್ಳುತ್ತೆ. ಆಗ ಅದು ರಕ್ತದಲ್ಲಿ ಏರುತ್ತಾ ಹೋಗಿ ವಿಷ ಆಗುತ್ತೆ.

ಹಾಗಾಗಿ ನೀರು ಬಿಡಬೇಡಿ. ಊಟದ ಉಪ್ಪನ್ನೂ ತಟ್ಟನೆ ಬಿಡಬೇಡಿ. ಬಿ.ಪಿ. ಇದೆ ಉಪ್ಪು ಬಿಡು ಅಂತ ಯಾರಾದರೂ ಹೇಳಿದರೆ, "ನಾನು ಲಿಥಿಯಂ ನುಂಗ್ತೀನಿ" ಅಂತ ಹೇಳಿ. ಬೇಸಿಗೆ ಬಿಸಿಲಲ್ಲಿ ಕಳೆ ಕೀಳೋಕೆ ಹೋದರೆ ಬೆವರಿನಲ್ಲಿ ನೀರೂ ಉಪ್ಪೂ ಹೋಗುತ್ತೆ. ನೀರಿನ ಜೊತೆ ಉಪ್ಪು ಹಾಕಿದ ಮಜ್ಜಿಗೆ ಇಟ್ಟುಕೊಂಡು ಹೋಗಿ. ಏಕಾದಶಿಯೋ, ಶಿವರಾತ್ರಿಯೋ, ರಂಜಾನ್ ತಿಂಗಳೋ, ನೀರು ಬಿಟ್ಟು ಉಪವಾಸ ಮಾಡುವ ಮೊದಲು ಡಾಕ್ಟರನ್ನು ಕೇಳಿ. ವಾಂತಿ ಭೇದಿ ಆದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಅನ್ನಬೇಡಿ.

ಅಕ್ಕನ ಮನೆಯಲ್ಲಿ ಏನು ಮಾಡಿದರು ಗೊತ್ತಾ? ಮಗ ಪಾಯಖಾನೆಗೆ ಒಂದು ತಂತಿ ಎಳೆದು ಬಲ್ಬು ಹಾಕಿದ. ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ. ಅಷ್ಟೇ. ಅಷ್ಟಕ್ಕೆ ಅಕ್ಕ ರಾತ್ರಿ ನೀರು ಕುಡಿಯೋಕೆ ಶುರು ಮಾಡಿದರು.

ಮಂಡಿ ನೋವು, ಸೊಂಟ ನೋವು ನಮಗೆ ತಪ್ಪಿದ್ದಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗ್ತೀವಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಇಂಥ ಮಾತ್ರೆ ಲಿಥಿಯಂ ಅನ್ನು ರಕ್ತದಲ್ಲಿ ಏರಿಸುತ್ತವೆ. ಬಿ.ಪಿ.ಗೆ ಕೊಡುವ ಕೆಲವು ಮಾತ್ರೆಗಳೂ ಹಾಗೇ. ಕೇಳದೆ ನುಂಗಬೇಡಿ.

ಇನ್ನು ಅಪಾಯದ ಗುರುತು. ಸಣ್ಣ ನಡುಕ ಬೇರೆ, ದೊಡ್ಡ ನಡುಕ ಬೇರೆ. ಕೈಕಾಲು ಜೋರಾಗಿ ನಡುಗಿದರೆ, ಕುಡಿದವರ ಹಾಗೆ ತೂರಾಡಿದರೆ, ಮಾತು ತೊದಲಿದರೆ, ವಾಂತಿ ಭೇದಿ ನಿಲ್ಲದಿದ್ದರೆ, ಮಂಪರು ಬಂದು ಗುರುತು ಸಿಗದ ಹಾಗೆ ಆದರೆ, ಮುಂದಿನ ಮಾತ್ರೆ ನುಂಗಬೇಡಿ. ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. 108ಕ್ಕೆ ಫೋನು ಮಾಡಿ. ಮಾತ್ರೆ ಡಬ್ಬ ಜೊತೆಯಲ್ಲೇ ಒಯ್ಯಿರಿ.

ಹಾಗೆ ಆಗದಿರಲಿ ಅಂತಲೇ ರಕ್ತ ಪರೀಕ್ಷೆ ಮಾಡುವುದು. ರಾತ್ರಿ ಮಾತ್ರೆ ನುಂಗಿ 12 ಗಂಟೆ ಆದ ಮೇಲೆ ಬೆಳಿಗ್ಗೆ ರಕ್ತ ಕೊಡಬೇಕು. ರಕ್ತ ಕೊಡುವ ತನಕ ಬೆಳಗಿನ ಮಾತ್ರೆ ನುಂಗಬಾರದು. ಮೊದಮೊದಲು ಬೇಗ ಬೇಗ ಪರೀಕ್ಷೆ ಇರುತ್ತೆ. ಆಮೇಲೆ ಮೂರು ತಿಂಗಳಿಗೋ ಆರು ತಿಂಗಳಿಗೋ ಒಂದು ಸಲ. ಚೀಟಿಯಲ್ಲಿ ಒಂದು ಅಂಕಿ ಬರುತ್ತೆ. ಸಾಮಾನ್ಯವಾಗಿ ಅದು 0.6ರಿಂದ 1.0ರ ಒಳಗೆ ಇರಬೇಕು. ಹದ ಇಷ್ಟು ಸಣ್ಣದು. 1.5 ದಾಟಿದರೆ ಅಪಾಯ. ಕೆಲವರಿಗೆ, ಅದರಲ್ಲೂ ವಯಸ್ಸಾದವರಿಗೆ, ಅದಕ್ಕಿಂತ ಕಡಿಮೆಯಲ್ಲೂ ತೊಂದರೆ ಆಗಬಹುದು. ಅಕ್ಕನ ಚೀಟಿಯಲ್ಲಿ 1.1 ಬಂದಿತ್ತು. ಡಾಕ್ಟರು ಪ್ರಮಾಣ ತಗ್ಗಿಸಿದ ಮೇಲೆ 0.7ಕ್ಕೆ ಇಳಿಯಿತು. ನಡುಕ ಪೂರ್ತಿ ಹೋಗಲಿಲ್ಲ, ಅರ್ಧ ಹೋಯಿತು. ಚುಕ್ಕಿ ಇಟ್ಟ ಲೆಕ್ಕ ಯಾಕೆ ಕಲೀಬೇಕು ಅಂತ ಇಲ್ಲಿ ಕೆಲವರು ಕೇಳಿದ್ದಿರಿ. ಆ ಅಕ್ಕ ಕೇಳೋದಿಲ್ಲ.

ವಯಸ್ಸಿನ ಹೆಣ್ಣುಮಕ್ಕಳು ಇಲ್ಲಿ ಕೇಳಿ. ಈ ಕಾಯಿಲೆಗೆ ವಾಲ್‌ಪ್ರೋಯೇಟ್ ಎಂಬ ಮಾತ್ರೆಯನ್ನೂ ಕೊಡುತ್ತಾರೆ. ಬಸುರಿಯಾದಾಗ ಅದನ್ನು ನುಂಗಿದರೆ ಮಗುವಿನ ಬೆನ್ನುಹುರಿಗೆ, ಮಿದುಳಿಗೆ ತೊಂದರೆ ಆಗಬಹುದು. ಮದುವೆ ಗೊತ್ತಾದರೆ, ಮಗು ಬೇಕು ಅಂದರೆ, ಮುಟ್ಟು ತಪ್ಪಿದರೆ, ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ಅವರು ಮಾತ್ರೆ ಬದಲಿಸುತ್ತಾರೆ. ಲಿಥಿಯಂ ಇದ್ದರೂ ಮೊದಲೇ ಹೇಳಬೇಕು. ಕಾರ್ಬಮಜೆಪಿನ್ ಎಂಬ ಇನ್ನೊಂದು ಮಾತ್ರೆ ಇದೆ. ಅದನ್ನು ನುಂಗುವವರಿಗೆ ಮಾಲಾ-ಎನ್‌ನಂಥ ಗರ್ಭ ತಡೆಯುವ ಮಾತ್ರೆ ಸರಿಯಾಗಿ ಕೆಲಸ ಮಾಡೋದಿಲ್ಲ. ಬೇರೆ ವಿಧಾನ ಬೇಕು. ಕಾರ್ಬಮಜೆಪಿನ್ ಆಗಲಿ, ಲ್ಯಾಮೋಟ್ರಿಜಿನ್ ಆಗಲಿ, ನುಂಗಿದ ಮೇಲೆ ಮೈಮೇಲೆ ಕೆಂಪು ಗಂಧೆ ಎದ್ದರೆ, ಜ್ವರ ಬಂದು ಬಾಯಿ ಹುಣ್ಣಾದರೆ, ಅದು ಬೆವರುಸಾಲೆ ಅಂತ ಕೂರಬೇಡಿ. ಮುಂದಿನ ಮಾತ್ರೆ ನುಂಗುವ ಮೊದಲು, ಅವತ್ತೇ ಆಸ್ಪತ್ರೆಗೆ ಹೋಗಿ.

ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ಕೂತಾಗ ನಮಗೆ ಎಲ್ಲ ಮರೆತು ಹೋಗುತ್ತೆ. ಹೊರಗೆ ಸಾಲು ಇರುತ್ತೆ. "ಹೇಗಿದ್ದೀಯಮ್ಮ?" ಅಂದರೆ "ಚೆನ್ನಾಗಿದ್ದೀನಿ" ಅಂದು ಎದ್ದು ಬರ್ತೀವಿ. ಅದಕ್ಕೆ ಆ ಅಕ್ಕನ ಹತ್ತಿರ ಒಂದು ಪುಸ್ತಕ ಮಾಡಿಸಿದೆವು. 40 ಹಾಳೆಯ ಸಣ್ಣ ನೋಟ್‌ಬುಕ್ಕು. ಮಾತ್ರೆ ಹಾಳೆಯ ಮೇಲೆ ಹೆಸರು ಇಂಗ್ಲಿಷಿನಲ್ಲಿ ಇರುತ್ತೆ. ಅದನ್ನು ಕನ್ನಡದಲ್ಲಿ ಬರೆದು ಡಬ್ಬಕ್ಕೂ ಪುಸ್ತಕಕ್ಕೂ ಅಂಟಿಸಿದೆವು. ಲಿ-ಥಿ-ಯಂ. ಥ ಅಕ್ಷರಕ್ಕೆ ಒಳ್ಳೆ ಅಭ್ಯಾಸ ಆಯಿತು! ಅಕ್ಕ ದಿನಾ ಒಂದು ಸಾಲು ಬರೀತಾರೆ. ನಾವು ನೋಡಿದ ಪುಟದಲ್ಲಿ ಹೀಗಿತ್ತು:

"ಸೋಮವಾರ. ಮಾತ್ರೆ ನುಂಗಿದೆ. ಕೈ ನಡುಕ ಇದೆ. ರಾತ್ರಿ ಮೂರು ಸಲ ಎದ್ದೆ. ಮಂಗಳವಾರ. ಮಾತ್ರೆ ಮರೆತೆ. ಎರಡು ಒಟ್ಟಿಗೆ ನುಂಗಲಿಲ್ಲ. ಬುಧವಾರ. ನಿದ್ದೆ ಕಡಿಮೆ. ಅಮ್ಮನಿಗೆ ಹೇಳಿದೆ."

ಅಕ್ಷರ ಅಂಕುಡೊಂಕೇ. ಡಾಕ್ಟರು ಎರಡು ನಿಮಿಷದಲ್ಲಿ ಓದಿದರು. ಆಮೇಲೆ ಏಳೆಂಟು ಪ್ರಶ್ನೆ ಕೇಳಿದರು. ಅಕ್ಕನಿಗೆ ಅಷ್ಟು ಹೊತ್ತು ಯಾವ ಡಾಕ್ಟರೂ ಕೊಟ್ಟಿರಲಿಲ್ಲವಂತೆ. ಆ ಅಂಕುಡೊಂಕೂ ಅವರಿಗೆ ಸುದ್ದಿ ಹೇಳಿತು. ಹೋದ ತಿಂಗಳ ಪುಟ, ಈ ತಿಂಗಳ ಪುಟ ಪಕ್ಕಪಕ್ಕ ಇಟ್ಟು ನಡುಕ ಎಷ್ಟು ಇಳಿದಿದೆ ಅಂತ ನೋಡಿದರು. ನಾವು ಬೈದ ಗೆರೆಯೇ ಅಲ್ಲಿ ಲೆಕ್ಕಕ್ಕೆ ಬಂತು.

ಬುಧವಾರದ ಸಾಲು ಗಮನಿಸಿದಿರಾ? ನಿದ್ದೆ ಕಡಿಮೆ ಆಗುವುದು ಆ ಅಕ್ಕನಿಗೆ ಕಾಯಿಲೆ ಮರಳುವ ಮೊದಲ ಗುರುತು. ಅದನ್ನು ತಾನೇ ಬರೆದು, ತಾನೇ ತಾಯಿಗೆ ಹೇಳಿದರು.

ಆಸ್ಪತ್ರೆ ಎಲ್ಲಿ ಅಂತ ಕೇಳ್ತೀರಿ. ಬೆಂಗಳೂರಿನ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ದೊಡ್ಡವು. ಎಲ್ಲದಕ್ಕೂ ಅಲ್ಲಿಗೇ ಓಡಬೇಕಿಲ್ಲ. ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಹಳ್ಳಿಗಳ ಆಸ್ಪತ್ರೆಗಳಲ್ಲೇ ಮನಸ್ಸಿನ ಕಾಯಿಲೆಗೆ ಔಷಧ ಕೊಡಿಸಿ ತೋರಿಸಿದರು. ಅದೇ ಮಾದರಿಯಲ್ಲಿ 1996ರಲ್ಲಿ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಅಂತ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ನೋಡುವ ಏರ್ಪಾಡು ಆಗಿದೆ. ನಿಮ್ಮ ಕಡೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹಗಲಾಗಲಿ ರಾತ್ರಿಯಾಗಲಿ 14416ಕ್ಕೆ ಫೋನು ಮಾಡಬಹುದು. ಅದು 2022ರಲ್ಲಿ ಶುರುವಾದ ಟೆಲಿ-ಮಾನಸ್. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಈ ಅಂಕಿಯನ್ನು ಈಗಲೇ ಸ್ಲೇಟಿನಲ್ಲಿ ಬರೀರಿ. ಒಂದು, ನಾಲ್ಕು, ನಾಲ್ಕು, ಒಂದು, ಆರು.

ನಾವು ಶಾಲೆಯಲ್ಲಿ ಪಾಠ ಹೇಳುವವರು. ಡಾಕ್ಟರಲ್ಲ. ನಾವು ಹೇಳಿದ್ದನ್ನು ಕೇಳಿ ಮಾತ್ರೆ ಹೆಚ್ಚು ಕಡಿಮೆ ಮಾಡಿಕೊಳ್ಳಬೇಡಿ. ಕೇಳಬೇಕಾದ ಪ್ರಶ್ನೆ ಏನು ಅಂತ ಹೇಳಿದೆವು, ಅಷ್ಟೇ.

ಆ ಅಕ್ಕ ಈಗ ಮತ್ತೆ ಕೇಂದ್ರಕ್ಕೆ ಬರ್ತಿದ್ದಾರೆ. ಅವರಿಗೆ ದಪ್ಪ ಪೆನ್ಸಿಲ್ ಕೊಟ್ಟಿದ್ದೇವೆ. ಅಗಲ ಗೆರೆಯ ಪುಸ್ತಕ ಕೊಟ್ಟಿದ್ದೇವೆ. ಯಾರ ಕೈ ನಡುಗಿದರೂ ಈಗ ನಾವು ಮೊದಲು ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳ್ತೀವಿ.

ನೋಟ್‌ಬುಕ್ಕು ಬೇಕಾದವರಿಗೆ ಈ ಚೀಲದಲ್ಲಿ ಹತ್ತು ಇವೆ. ಮನೆಯಲ್ಲಿ ಯಾರಿಗೆ ಅಂತ ಹೇಳಬೇಕಿಲ್ಲ, ತಗೊಂಡು ಹೋಗಿ. ಎಲ್ಲರ ಮುಂದೆ ಕೇಳೋಕೆ ಆಗದ ಮಾತು ಇದ್ದರೆ, 9 ಗಂಟೆ ತನಕ ನಾವು ಇಲ್ಲೇ ಇರ್ತೀವಿ.